ನನ್ನ ಅಕ್ಷರವೂ ಭಾವನ ಹೆಸರೂ

ಅಕ್ಷರ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ಮನುಷ್ಯ ಕೆಟ್ಟ ಎಂದೇ ಲೆಕ್ಕ. ಹಾಡುವವನಿಗೆ ಗಂಟಲು ಕೂತೀತು, ಪೈಲ್ವಾನನಿಗೆ ವಯಸ್ಸಾದೀತು. ಅಕ್ಷರದ ಜಂಬಕ್ಕೆ ಮಾತ್ರ ಮುಪ್ಪಿಲ್ಲ. ನಾಗಮಂಗಲದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ನಾನು ರಜಾಚೀಟಿಯನ್ನೂ ಸನ್ಮಾನಪತ್ರದ ಹಾಗೆ ಬರೆಯುತ್ತಿದ್ದೆ. ಕೂದಲೆಳೆಯಷ್ಟು ಸಣ್ಣ, ಕೊಂಚ ಬಲಕ್ಕೆ ವಾಲಿದ, ತುದಿಯಲ್ಲಿ ಸುರುಳಿ ಸುತ್ತಿಕೊಳ್ಳುವ ಅಕ್ಷರ. "ಓದಕ್ಕಾಗಕಿಲ್ಲ, ನೋಡಕ್ಕೆ ಮಾತ್ರ ಲಕ್ಷಣವಾಗದೆ" ಎಂದು ನನ್ನ ಹೆಂಡತಿ ಜಯಮ್ಮ ಹೇಳುತ್ತಿದ್ದಳು. ಆ ಮಾತಿನ ಮೊದಲರ್ಧ ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಹೀಗಿರುವಾಗ ಬಸ್‌ ಸ್ಟ್ಯಾಂಡಿನ ಹತ್ತಿರ ಶಿವಣ್ಣಾಚಾರಿ ಡಿ.ಟಿ.ಪಿ. ಅಂಗಡಿ ತೆರೆದ. ಅಕ್ಕಸಾಲಿಗರ ಮನೆಯವನು, ಕುಲುಮೆ ಬಿಟ್ಟು ಕಂಪ್ಯೂಟರು ಹಿಡಿದಿದ್ದ. ಆಗೆಲ್ಲ ಕಂಪ್ಯೂಟರಿನಲ್ಲಿ ಮೂಡುತ್ತಿದ್ದ ಕನ್ನಡ ಒಂದೇ ದಪ್ಪ, ಒಂದೇ ಗಂಟುಮೋರೆ. "ನಿಮ್ಮಕ್ಷರಾನೇ ಫಾಂಟ್ ಮಾಡ್ಬುಡ್ತೀನಿ ಸಾ. ಸುಮಕ್ಕನ ಮದ್ವೆ ಕಾರ್ಡು ಅದ್ರಲ್ಲೇ ಒಡ್ಸವ" ಎಂದ. ಸುಮ ನಮ್ಮ ಒಬ್ಬಳೇ ಮಗಳು, ಮದುವೆ ಗೊತ್ತಾಗಿತ್ತು. ನಾನು ಆಗಲಿ ಎನ್ನುವ ಮೊದಲೇ ಇಂಡಿಯನ್ ಇಂಕಿನ ಬಾಟಲಿ ಕೊಂಡುಬಿಟ್ಟಿದ್ದೆ. ಫಾಂಟು ಮಾಡುವುದೆಂದರೆ ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ ಬಿಡಿಬಿಡಿಯಾಗಿ ಬರೆದುಕೊಡಬೇಕು, ಕಂಪ್ಯೂಟರು ಜೋಡಿಸಿಕೊಳ್ಳುತ್ತದೆ. ಮೊದಮೊದಲು ನನ್ನ ಒತ್ತಕ್ಷರಗಳು ಮುನಿಸಿಕೊಂಡ ಬೀಗರ ಹಾಗೆ ದೂರ ದೂರ ಕೂತವು. ಆಚಾರಿ ಚಿನ್ನದ ತಂತಿ ಎಳೆಯುವ ತಾಳ್ಮೆಯಲ್ಲಿ ಒಂದೊಂದನ್ನೂ ಮೌಸಿನಿಂದ ಎಳೆದು ತಂದು ಕೂರಿಸಿದ. "ಒಸಿ ದಪ್ಪ ಮಾಡವಾ ಸಾ?" ಎಂದು ಅವನು ಕೇಳಿದಾಗ ನನಗೆ ಅವಮಾನವಾದಂತಾಯಿತು. ಎಳೆ ಹಾಗೇ ಇರಲಿ ಎಂದೆ. ಬಣ್ಣವೂ ಬಂಗಾರದ್ದೇ ಆಗಲಿ ಎಂದೆ. ಕಾರ್ಡು ಬಂದ ದಿನ ಅದನ್ನು ನೋಡುತ್ತ ಊಟಕ್ಕೆ ಕೂತವನು ಸಾರಿನ ಮೇಲೆ ಮಜ್ಜಿಗೆ ಸುರಿದುಕೊಂಡೆ.

ಜಯಮ್ಮ ಬಟ್ಟಲಲ್ಲಿ ಅರಿಶಿನ ಕಲಸಿ ಕಾರ್ಡುಗಳ ನಾಲ್ಕು ಮೂಲೆಗೂ ಹಚ್ಚುತ್ತ ಕೂತಳು. ಮೊದಲನೆಯದು ಮನೆದೇವರಿಗೆ, ಎರಡನೆಯದು ತವರಿಗೆ. ತವರಿಗೆ ಹೋಗುವ ಕಾರ್ಡಿಗೆ ಅರಿಶಿನ ಹಚ್ಚುವಾಗ ಯಾವ ಹೆಣ್ಣುಮಗಳು ಕೈ ಹಿಡಿಯುತ್ತಾಳೆ? ಹೆಬ್ಬೆರಳು ತುಂಬ ಬಳಿದಳು. ಇಬ್ಬರೂ ದೇವಲಾಪುರಕ್ಕೆ ಹೋಗಿ ಅವಳಣ್ಣ ನಂಜೇಗೌಡರಿಗೆ ಎಲೆ ಅಡಿಕೆಯ ಜೊತೆ ಕಾರ್ಡು ಕೊಟ್ಟು, ಪಾಯಸ ಉಂಡು ಬಂದೆವು.

ನಾವು ಬಂದ ಮೇಲೆ ಭಾವ ಕನ್ನಡಕ ಹಾಕಿಕೊಂಡು ತಮ್ಮ ಹೆಸರು ಹುಡುಕಿದ್ದಾರೆ. ಅದಿದ್ದದ್ದು ಕೆಳಗಿನ ಎಡಮೂಲೆಯಲ್ಲಿ. ನನ್ನ ಬಂಗಾರದೆಳೆಯ ಮೇಲೆ ಅವರ ತಂಗಿಯ ಅರಿಶಿನ ದಪ್ಪಗೆ ಕೂತು ಹೆಸರೇ ಇರಲಿಲ್ಲ. ಸಂತೆಗೆ ಬಂದ ನೆಂಟರ ಕೈಲಿ ಮಾತು ಬಂತು: "ನನ್ನೆಸ್ರಿಗೆ ಜಾಗ ಇಲ್ದಿದ್ ಮೇಲೆ ಎಣ್ಣ ಮಂಟಪಕ್ಕೆ ಕರ್ಕಂಡ್ ಬರಕ್ಕೂ ಬೇರೆ ಯಾರ್ನಾರ ನೋಡ್ಕಳಿ." ಸೋದರಮಾವ ಕೈಹಿಡಿದು ತರದೆ ನಮ್ಮಲ್ಲಿ ಹೆಣ್ಣು ಮಂಟಪ ಹತ್ತುವಂತಿಲ್ಲ. ಜಯಮ್ಮ ಅತ್ತಳು. ಸುಮ ನನ್ನನ್ನೊಮ್ಮೆ ನೋಡಿದಳು. ನನಗೆ ನಿಜವಾಗಿ ಭಯವಾದದ್ದು ಆಗ.

ಸಾಕ್ಷಿಗೆಂದು ಅರಿಶಿನ ಮುಟ್ಟಿಸದ ಹೊಸ ಕಾರ್ಡೊಂದನ್ನು ಹಿಡಿದು ದೇವಲಾಪುರದ ಬಸ್ಸು ಹತ್ತಿದೆ. ಭಾವ ಜಗಲಿಯ ಮೇಲೆ ಮುಖ ತಿರುಗಿಸಿ ಕೂತಿದ್ದರು. ನಾನು ಕಾರ್ಡು ಚಾಚಿದ್ದೇ ತಡ, ಅವರ ಹೆಂಡತಿ ಒಳಗಿನಿಂದ ಓಡಿ ಬಂದರು. "ಅಯ್ಯೋ ಅಣ್ಣ! ಅರಿಸ್ನ ಇಲ್ದಿರೋ ಕಾಗ್ದ ತಿಥಿಗ್ ತತ್ತಾರೆ! ಓದ್ಕಂಡಿರೋ ನಿಮ್ಗೂ ಗೊತ್ತಾಗಕಿಲ್ವಾ?" ಎಂದು ಕಿತ್ತುಕೊಂಡು ಒಳಗೆ ಹೋದರು. ಭಾವ ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ನಾಲ್ಕು ಮೂಲೆಗೂ ಧಾರಾಳವಾಗಿ ಬಳಿದು ತಂದಿಟ್ಟರು.

"ಎಲ್ಲದೆ ಮೇಷ್ಟ್ರೇ ನನ್ನೆಸ್ರು?"

"ಅಕ್ಕನ ಹೆಬ್ಬೆರಳಿನ ಕೆಳಗೆ ಭಾವ" ಎಂದೆ.

ಅವರು ಕಾರ್ಡು ನೋಡಿದರು, ಹೆಂಡತಿಯ ಹಳದಿ ಬೆರಳು ನೋಡಿದರು. ನಗು ತಡೆಯಲು ಮೀಸೆ ತಿರುವಿದರು; ಆಗಲಿಲ್ಲ. ನಕ್ಕು ಸಾಕಾದ ಮೇಲೆ ಕೊಬ್ಬರಿ ಮೂಟೆಗೆ ಗುರುತು ಹಾಕುವ ಕೆಂಪು ಬಣ್ಣದ ಡಬ್ಬಿ, ಕುಂಚ ತಂದು ಮುಂದಿಟ್ಟರು. "ಬರೀರಿ ನಿಮ್ ಕೈಯಾರ. ಇಲ್ಲಿಂದ್ ಆ ಕಂಬುಕ್ ಕಾಣ್ಬೇಕು." ಕಾರ್ಡಿನ ಅಡ್ಡಕ್ಕೆ 'ನಂಜೇಗೌಡ' ಎಂದು ಕುಂಬಳಕಾಯಿ ಗಾತ್ರದಲ್ಲಿ ಬರೆದೆ. "ಇದು ನೋಡಿ ಅಕ್ಸರ!" ಎಂದು ಅವರು ನನ್ನ ಬೆನ್ನು ತಟ್ಟಿದರು.

ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಮದುವೆಯ ದಿನ ಭಾವ ಛತ್ರದ ಬಾಗಿಲಲ್ಲೇ ನಿಂತು ಆ ಕಾರ್ಡನ್ನು ಬಂದವರಿಗೆಲ್ಲ ತೋರಿಸಿದರು. "ನಿಮ್ದೆಲ್ಲ ಮಿಸಿನ್ನು ಬರ್ದಿರಾದು. ನಂದ್ ಮಾತ್ರ ಮೇಷ್ಟ್ರು ಕೈಯಾರ ಬರ್ದವ್ರೆ!" ಮೂಲೆಯಲ್ಲಿ ಹೆಸರು ಕಳೆದುಕೊಂಡ ಚಿಕ್ಕಪ್ಪ, ಷಡ್ಡಕ, ಅತ್ತೆಯ ಮಕ್ಕಳೆಲ್ಲ ತಮ್ಮ ತಮ್ಮ ಕಾರ್ಡು ಹಿಡಿದು ನನ್ನ ಸುತ್ತ ನೆರೆದರು. ಯಾರೋ ಸ್ಕೆಚ್‌ಪೆನ್ನು ಕೊಟ್ಟರು. ರೇಷ್ಮೆ ಪಂಚೆಯಲ್ಲೇ ಚಕ್ಕಳ ಮಕ್ಕಳ ಹಾಕಿ ಬರೆಯತೊಡಗಿದೆ. ಆಚಾರಿ ಹಿಂದಿನಿಂದ ಬಗ್ಗಿ, "ಸಾ, ಈ ದಪ್ಪಕ್ಷರ ಇನ್ನೂ ಚೆಂದಾಗದೆ. ಇದ್ನೂ ಫಾಂಟ್ ಮಾಡವಾ?" ಎಂದ. ನಿಜವೇ ಇರಬಹುದು ಅನ್ನಿಸಿತು. ಸುರುಳಿಗಳ ಮೇಲೆ ಗಮನ ಜಾಸ್ತಿ ಕೊಟ್ಟೆ. ವಾಲಗದ ಸದ್ದು ಎಲ್ಲೋ ದೂರದಲ್ಲಿ ಕೇಳಿಸುತ್ತಿತ್ತು.

ತಲೆಯೆತ್ತಿದಾಗ ಎದುರಿಗೆ ಭಾವ ನಿಂತಿದ್ದರು. ಒಂದು ಕೈಯಲ್ಲಿ ಬಾಸಿಂಗ ಕಟ್ಟಿದ ಸುಮ. ಇನ್ನೊಂದು ಕೈಯನ್ನು ಅವರು ನನ್ನ ಕಡೆಗೆ ಚಾಚಿದರು.

"ಎಣ್ಣ ಕರ್ಕಂಡೋಗೋದು ಸೋದರಮಾವನ್ ಕೆಲ್ಸ, ಒಪ್ಕಂಡೆ. ಧಾರೆ ಎರಿಯೋ ಅಪ್ಪನ್ನೂ ನಾನೇ ಎತ್ಕಂಡೋಗ್ಬೇಕಾ ಮೇಷ್ಟ್ರೇ?"