ಎರಡು ಬೆರಳು ಮೇಲಿನ ಹುಬ್ಬು

ಉಮ್ ಮುನೀಫಳ ದೂರು ಗಂಡನ ಮೇಲಿರಲಿಲ್ಲ. (ಇತ್ತು, ಆದರೆ ಅದು ಮೂವತ್ತು ವರ್ಷ ಹಳೆಯದು, ಈಗ ಮನೆಯ ಸಾಮಾನಿನ ಜೊತೆ ಸೇರಿಹೋಗಿದೆ.) ದೂರು ಇದ್ದದ್ದು ತನ್ನ ಹುಬ್ಬುಗಳ ಮೇಲೆ. ಐವತ್ನಾಲ್ಕು ವರ್ಷ ರೊಟ್ಟಿ, ಆಲಿವ್ ಎಣ್ಣೆ ತಿನ್ನಿಸಿ ಸಾಕಿದ ಹುಬ್ಬುಗಳು, ಹುಟ್ಟಿದ ಜಾಗ ಬಿಟ್ಟು ಒಂದು ಕೂದಲೆಳೆಯಷ್ಟೂ ಮೇಲೇರಿರಲಿಲ್ಲ. ಮಹತ್ವಾಕಾಂಕ್ಷೆಯೇ ಇಲ್ಲದ ಹುಬ್ಬುಗಳು.

ಈ ಜ್ಞಾನೋದಯವಾದದ್ದು ಬುಧವಾರ, ಹಲ್ಲಿನ ಡಾಕ್ಟರ ಮೊಗಸಾಲೆಯಲ್ಲಿ. ಬೈರೂತಿನಿಂದ ಬಂದ ಮಿರಮಿರ ಮಿಂಚುವ ಹೆಂಗಸರ ಪತ್ರಿಕೆಯೊಂದನ್ನು ತೆರೆದರೆ ಪುಟದ ತುಂಬ ಒಬ್ಬಳು ರೂಪದರ್ಶಿ. ಅವಳ ಹುಬ್ಬುಗಳು ಇರಬೇಕಾದ ಜಾಗಕ್ಕಿಂತ ಎರಡು ಬೆರಳು ಮೇಲೆ, ಹಣೆಯ ನಡುಮಧ್ಯದಲ್ಲಿ, ಗಾಳಿಗೆಂದು ಮಹಡಿ ಹತ್ತಿದವರ ಹಾಗೆ ಆರಾಮಾಗಿ ಮಲಗಿದ್ದವು. ಕೆಳಗೆ ಬರೆದಿತ್ತು: 'ಈ ಋತುವಿನ ಮುಖ: ಜಗತ್ತನ್ನು ಮೇಲಿನಿಂದ ನೋಡುವ ಹೆಣ್ಣು. ಮನೆಯಲ್ಲೇ ಮಾಡಿಕೊಳ್ಳಿ, ಆರೇ ಹೆಜ್ಜೆ.' ಉಮ್ ಮುನೀಫ್ ಜೋರಾಗಿ ಕೆಮ್ಮುತ್ತ ಆ ಹಾಳೆಯನ್ನು ಹರಿದು ಚೀಲಕ್ಕಿಳಿಸಿದಳು. ಕೆಮ್ಮಿಗೆ ಯಾರೂ ಮರುಳಾಗಲಿಲ್ಲ. ಆದರೆ ಆ ಕೋಣೆಯಲ್ಲಿ ಬಾಯಿ ತೆರೆಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಅವಸರಕ್ಕೆ ಕಾರಣವಿತ್ತು. ಶುಕ್ರವಾರ ಮಧ್ಯಾಹ್ನ ಮಗಳು ರನೀಮಳನ್ನು ಕೇಳಲು ಉಮ್ ಬಶರ್ ಬರುವವಳಿದ್ದಳು. ರನೀಮಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಉಮ್ ಬಶರಳ ಮಗ ಬಶರ್ ಎಂಟು ತಿಂಗಳಿಂದ ಪ್ರತಿ ಮಂಗಳವಾರ ಅಲ್ಲಿಗೆ ತಲೆನೋವಿನ ಮಾತ್ರೆಗೆ ಬರುತ್ತಿದ್ದ, ತಲೆನೋವೇ ಇಲ್ಲದ ಹುಡುಗ. ಅವನೆಂದರೆ ರನೀಮಳಿಗೆ ಪ್ರಾಣ, ಉಮ್ ಮುನೀಫಳಿಗೂ ಮನಸ್ಸಿತ್ತು. ಗಂಡಸರು ದಂಡು ಕಟ್ಟಿಕೊಂಡು ಬಂದು, ಕೆಮ್ಮಿ, ವಂಶಾವಳಿ ಹೇಳಿ ಹೆಣ್ಣು ಕೇಳುವ ಶಾಸ್ತ್ರ ಆಮೇಲಿನದು. ಮಾತು ಕೂಡುವುದೂ ಮುರಿಯುವುದೂ ಅದಕ್ಕೆ ಮೊದಲಿನ ಹೆಂಗಸರ ಕಾಫಿಯಲ್ಲೇ. ಆದರೆ ಉಮ್ ಬಶರ್ ಸಿರಿವಂತರ ಬಡಾವಣೆ ವೈಬ್ದೆಯವಳು, ಕಲ್ಲು ಕಟ್ಟಡದ ಸ್ವಂತ ಮನೆಯವಳು. ಬಾಗಿಲು ತೆಗೆದ ಕೂಡಲೆ 'ಇವಳೇನು ಅಂಚೆ ಕಚೇರಿಯವನ ಹೆಂಡತಿ' ಎಂದುಕೊಳ್ಳದೆ ಅವಳು ಎರಡು ಹೆಜ್ಜೆ ಹಿಂದೆ ಸರಿಯಬೇಕು ಎಂಬುದು ಉಮ್ ಮುನೀಫಳ ಆಸೆ.

(ಅಂದ ಹಾಗೆ ಮುನೀಫ್ ಎಂಬ ಮಗ ಹುಟ್ಟಲೇ ಇಲ್ಲ. ಮದುವೆಯಾದ ವರ್ಷವೇ ಊರವರು ಗಂಡನನ್ನು 'ಅಬೂ ಮುನೀಫ್', ಹೆಂಡತಿಯನ್ನು 'ಉಮ್ ಮುನೀಫ್', ಅಂದರೆ ಮುನೀಫನ ಅಪ್ಪ, ಮುನೀಫನ ಅಮ್ಮ ಎಂದು ಮುಂಗಡವಾಗಿ ಕರೆಯತೊಡಗಿದರು. ಬಂದವಳು ರನೀಮ್. ಬಿರುದನ್ನು ವಾಪಸ್ಸು ಕೊಡುವ ಪದ್ಧತಿ ನಮ್ಮ ಅಮ್ಮಾನ್ ನಗರದಲ್ಲಿಲ್ಲ.)

ಗುರುವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಆರು ಹೆಜ್ಜೆಗಳ ಯಾತ್ರೆ ಆರಂಭವಾಯಿತು. ಮೊದಲ ಹೆಜ್ಜೆ: ಇರುವ ಹುಬ್ಬನ್ನು ಸೋಪಿನಿಂದ ಅಂಟಿಸಿ ಮರೆಮಾಡಿ. ನಬ್ಲುಸಿನ ಆಲಿವ್ ಸೋಪನ್ನು ಮೂರು ಸಲ ಬಳಿದರೂ ಆಕೆಯ ಹುಬ್ಬುಗಳು ಎದ್ದು ನಿಂತವು. ಹೋಗಲೆಂದು ಗಂಡನ ರೇಜರು ತಂದು ಸಮಸ್ಯೆಯನ್ನು ಬುಡಸಮೇತ ಪರಿಹರಿಸಿದಳು. ಕೊನೆಯ ಹೆಜ್ಜೆಗೆ 'ನೀರಿಗೂ ಕಣ್ಣೀರಿಗೂ ಅಳಿಯದ' ಒಂದು ವಿಲಾಯತಿ ಬಣ್ಣ ಬೇಕಿತ್ತು. ಅದು ಸಿಗುವುದು ಪ್ಯಾರಿಸ್ಸಿನಲ್ಲಿ. ಆದರೆ ಅಳಿಯದ ಬಣ್ಣವೊಂದು ಮನೆಯಲ್ಲೇ ಇದೆಯೆಂದು ಆಕೆಗೆ ಗೊತ್ತಿತ್ತು: ಬಚ್ಚಲಿನಲ್ಲಿ ನೀರಿನ ಡ್ರಮ್ಮಿನ ಹಿಂದೆ, ಹಳೆಯ ಕಾಲುಚೀಲದೊಳಗೆ.

ಅದು ಅಬೂ ಮುನೀಫನ ಮೀಸೆಯ ಬಣ್ಣ. ಅರವತ್ಮೂರರ ಪ್ರಾಯದಲ್ಲೂ ಅವನ ಮೀಸೆ ಕಾಡಿಗೆಗಿಂತ ಕಪ್ಪು. ಕೇಳಿದವರಿಗೆಲ್ಲ "ನಮ್ಮ ವಂಶದ ರಕ್ತವೇ ಹಾಗೆ" ಎನ್ನುತ್ತಿದ್ದ. ಆ ವಂಶದ ರಕ್ತವನ್ನೇ ಉಮ್ ಮುನೀಫ್ ಬಟ್ಟಲಲ್ಲಿ ಕಲಸಿ, ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಎರಡು ಬೆರಳು ಅಳೆದು ಹಣೆಯ ಮೇಲೆ ಎರಡು ಕಮಾನು ಎಳೆದಳು. ಐದು ನಿಮಿಷ ಬಿಡಿ ಎಂದಿತ್ತು ಡಬ್ಬಿ. ಅಷ್ಟರಲ್ಲಿ ಝರ್ಕಾದಿಂದ ತಂಗಿ ಫೋನು ಮಾಡಿದಳು. ಸೊಸೆಯ ವಿಷಯ. ಸೊಸೆಯ ವಿಷಯ ಐದು ನಿಮಿಷದಲ್ಲಿ ಎಲ್ಲಿ ಮುಗಿಯುತ್ತದೆ? ನಲವತ್ತು ನಿಮಿಷವಾಯಿತು.

ತೊಳೆದು ಕನ್ನಡಿ ನೋಡಿದಾಗ ಆಕೆಯ ಎದೆ ಉಬ್ಬಿತು. ಪತ್ರಿಕೆಯವಳು ಏನೂ ಅಲ್ಲ. ಇದು ಜಗತ್ತನ್ನು ಮೇಲಿನಿಂದಷ್ಟೇ ಅಲ್ಲ, ಪಕ್ಕದ ಲೋಕದಿಂದ ನೋಡುವ ಮುಖ.

ಹೊತ್ತಿಗೆ ಸರಿಯಾಗಿ ಅಬೂ ಮುನೀಫ್ ಬಂದು, ಪೇಪರು ಬಿಡಿಸುತ್ತ, "ಚಹಾ ಇದೆಯೇನೇ?" ಎಂದ. ತಲೆಯೆತ್ತಿ ಹೆಂಡತಿಯ ಮುಖ ನೋಡಿದ. ನಿಟ್ಟುಸಿರು ಬಿಟ್ಟು ತಾನೇ ಅಡುಗೆಮನೆಗೆ ಹೊರಟ.

"ಎಲ್ಲಿಗೆ? ಚಹಾ ಇದೆ, ಕೂತ್ಕೊಳ್ಳಿ."

"ಇಲ್ಲ ಅಂದ್ಯಲ್ಲ."

"ನಾನೆಲ್ಲಿ ಅಂದೆ?"

"ಹುಬ್ಬೆತ್ತಿದೆಯಲ್ಲೇ! ಈಗಲೂ ಎತ್ಕೊಂಡೇ ಇದೀಯ!"

ಇಲ್ಲಿ ಬಾಯಿ ತೆರೆದು 'ಇಲ್ಲ' ಎನ್ನುವವರು ಒಂದೋ ಪರದೇಶಿಗಳು, ಇಲ್ಲವೆ ಕೂಸುಗಳು. ಮಿಕ್ಕವರೆಲ್ಲ ಹುಬ್ಬನ್ನು ಮೇಲೆತ್ತುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಉಮ್ ಮುನೀಫ್ ಓಡಿಹೋಗಿ ಮತ್ತೊಮ್ಮೆ ಕನ್ನಡಿ ನೋಡಿದಳು. ಅಬೂ ಮುನೀಫ್ ಹತ್ತಿರ ಬಂದು ಕನ್ನಡಕ ಏರಿಸಿದ. ಬಣ್ಣದ ಗುರುತು ಹತ್ತಿತು. ಅವನ ಕೈ ತಾನಾಗಿ ಮೀಸೆಗೆ ಹೋಯಿತು.

"ಇದಕ್ಕೇನು ಬಳಿದೆ?"

"ಡ್ರಮ್ಮಿನ ಹಿಂದೆ ಒಂದು ಡಬ್ಬಿ ಸಿಕ್ತು. ಯಾರದ್ದೋ ಏನೋ. ನಿಮಗೇನಾದ್ರೂ ಗೊತ್ತಾ?"

"ನನಗೆ ಹೇಗೆ ಗೊತ್ತಿರುತ್ತೆ?" ಎಂದವನು, ಸ್ವಲ್ಪ ತಡೆದು, "ಆದ್ರೆ ಅಂಥ ಬಣ್ಣ ಹತ್ತು ದಿನ ಹೋಗಲ್ಲ ಅಂತ ಎಲ್ಲೋ ಕೇಳಿದ ನೆನಪು" ಎಂದು ಸೇರಿಸಿದ.

ಸಂಜೆ ರನೀಮ್ ಬಂದವಳೇ ಚೀಲ ಕೆಳಗೆ ಬಿಟ್ಟಳು. "ಯಮ್ಮಾ! ನಾಳೆ ಅವರು ಬರ್ತಾರೆ! ನಿನ್ನ ಮುಖ 'ಇಲ್ಲ' ಅಂತ ಕೂಗ್ತಿದೆ!" ಔಷಧಿ ಅಂಗಡಿಯ ಹುಡುಗಿಯಲ್ಲವೇ, ಸ್ಪಿರಿಟ್ಟು, ನಿಂಬೆರಸ, ಟೂತ್‌ಪೇಸ್ಟು, ಕೊನೆಗೆ ಪಾತ್ರೆ ತಿಕ್ಕುವ ಪುಡಿ, ಎಲ್ಲ ಹಾಕಿ ಉಜ್ಜಿದಳು. ಹಣೆ ಟೊಮೇಟೊ ಬಣ್ಣಕ್ಕೆ ತಿರುಗಿತು. ಹುಬ್ಬುಗಳು ಕೆಂಪು ನೆಲದ ಮೇಲೆ ಇನ್ನೂ ಚೆಂದವಾಗಿ ಎದ್ದು ಕಂಡವು. ಪೌಡರು ಮೆತ್ತಿದರೆ ಬೂದಿಯೊಳಗಿನ ಕೆಂಡದ ಹಾಗೆ ಇಣುಕಿದವು. ಹಳೆಯ ಜಾಗದಲ್ಲಿ ಪೆನ್ಸಿಲಿನಿಂದ ಬರೆದು ನೋಡಿದರೆ ನಾಲ್ಕು ಹುಬ್ಬಾಯಿತು.

"ಸ್ಕಾರ್ಫ್ ಕಣ್ಣಿನವರೆಗೂ ಎಳ್ಕೋ," ಎಂದಳು ರನೀಮ್ ಅಳುದನಿಯಲ್ಲಿ. "ತಲೆನೋವು ಅಂತ ಹೇಳು. ಬಾಯಿ ತುಂಬ 'ಹೌದು' ಅನ್ನು, ಅಷ್ಟೇ. ಯಮ್ಮಾ, ಇದು ಮುರಿದುಬಿದ್ರೆ ನಾನು ಇನ್ಯಾರನ್ನೂ ಮದುವೆ ಆಗಲ್ಲ, ನೆನಪಿಟ್ಕೋ."

ಶುಕ್ರವಾರ ಉಮ್ ಬಶರ್ ಒಬ್ಬಳೇ ಬರಲಿಲ್ಲ. ಗಂಡನ ಅಕ್ಕ ಹಜ್ಜಿ ಶಮ್ಸೆಯನ್ನೂ ಕರೆತಂದಿದ್ದಳು. ಎಂಬತ್ತರ ಮುದುಕಿ, ಕೋಲು ಹಿಡಿದ ಸೇನಾಧಿಪತಿ. ಅಬೂ ಮುನೀಫನನ್ನು ಅಡುಗೆಮನೆಗೆ ಅಟ್ಟಿ ಬಾಗಿಲು ಹಾಕಲಾಗಿತ್ತು. ಉಮ್ ಮುನೀಫ್ ಮೂಗಿನ ತನಕ ಮುಸುಕೆಳೆದು ಕೂತಿದ್ದಳು.

"ಇಲ್ಲಿ ಯಾವ ಗಂಡಸಿದ್ದಾನೆ ಮಗಳೇ?" ಎಂದಳು ಹಜ್ಜಿ. "ಬೀಗರಾಗೋರ ಮುಂದೆ ಮುಖ ಮುಚ್ಚೋದು ಯಾವ ಊರ ರಿವಾಜು? ತೆಗಿ!" ತೆಗೆ ಎಂದದ್ದಷ್ಟೇ ಅಲ್ಲ, ಕೋಲಿನ ತುದಿಯಿಂದ ತಾನೇ ತೆಗೆದಳು.

ಉಮ್ ಬಶರ್ ಗಂಟಲು ಸರಿಪಡಿಸಿಕೊಂಡಳು. "ಮಕ್ಕಳಿಗೆ ಅಂತ ನಮ್ಮ ಮನೆ ಮೇಲೇನೇ ಎರಡು ಕೋಣೆ ಹಾಕ್ಸಿದೀವಿ ಉಮ್ ಮುನೀಫ್. ನಮ್ಮ ಜೊತೆಗೇ ಇರಲಿ ಅಂತ." ಹೇಳುತ್ತ ಮುಖ ನೋಡಿದಳು. ಮುಖ ಇಲ್ಲ ಎಂದಿತು.

ಉಮ್ ಮುನೀಫ್ 'ಆಗಲಿ' ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಉಮ್ ಬಶರಳೇ, "ಬೇಡ ಅಂದ್ರೆ ಬೇರೆ ಮನೆ ಮಾಡಿದರಾಯ್ತು. ನಮ್ಮ ಬೀದಿಯಲ್ಲೇ" ಎಂದಳು. ಮತ್ತೆ ನೋಡಿದಳು. "ಪಕ್ಕದ ಬೀದಿ?" ಮತ್ತೆ ನೋಡಿದಳು. "ಸರಿ, ಅವಳ ಔಷಧಿ ಅಂಗಡಿ ಹತ್ತಿರವೇ ನೋಡೋಣ ಬಿಡಿ!"

ಉಮ್ ಮುನೀಫ್ ತೆರೆದ ಬಾಯನ್ನು ಮೆಲ್ಲಗೆ ಮುಚ್ಚಿದಳು. ಜೀವಮಾನದಲ್ಲಿ ಯಾರೂ ಆಕೆಗೆ ಇಷ್ಟು ಬೇಗ ಸೋತಿರಲಿಲ್ಲ.

"ಆದ್ರೆ ಮದುವೆ ಆದ್ಮೇಲೆ ಹುಡುಗಿಗೆ ಕೆಲಸ ಯಾಕೆ?" ಎಂದಳು ಉಮ್ ಬಶರ್. ಹುಬ್ಬು. "ಬೆಳಗಿನ ಹೊತ್ತು ಮಾತ್ರ ಹೋಗಲಿ." ಹುಬ್ಬು. "ಅಯ್ಯೋ, ಇಡೀ ದಿನ ಮಾಡಲಿ, ಯಾರು ಬೇಡ ಅಂದ್ರು! ಶುಕ್ರವಾರದ ಊಟಕ್ಕಾದ್ರೂ ನಮ್ಮನೆಗೆ ಬರ್ತಾಳೆ ತಾನೆ? ... ಎರಡು ವಾರಕ್ಕೊಮ್ಮೆ? ... ಬಂದಾಗ ಬರಲಿ."

"ಭಲೇ ಗಟ್ಟಿ ಹೆಂಗಸು," ಎಂದು ಹಜ್ಜಿ ಶಮ್ಸೆ ಗೊಣಗಿದಳು. "ಒಂದು ಮಾತಾಡದೆ ನಮ್ಮನ್ನ ಸುಲಿದು ಒಣಗಿಸಿದಳು." ಉಮ್ ಮುನೀಫಳಿಗೆ ಆ ಮಾತು ಬಕ್ಲಾವಕ್ಕಿಂತ ಸಿಹಿಯಾಗಿತ್ತು. ಕೆನ್ನೆ ತುಸು ಬಿಗಿಹಿಡಿದು, ಪುಟದ ರೂಪದರ್ಶಿಯಂತೆ ಕತ್ತು ಎತ್ತಿ ಕೂತಳು.

ರನೀಮ್ ಕಾಫಿ ತಂದಿಟ್ಟಳು. ಹಜ್ಜಿ ಬಟ್ಟಲನ್ನು ತುಟಿಗೆ ತಾಗಿಸದೆ ಮೇಜಿನ ಮೇಲಿಟ್ಟಳು. "ಗಂಡಸರೇ ಮಾಡಬೇಕೇನು ಈ ಶಾಸ್ತ್ರ? ಕೇಳು ಉಮ್ ಮುನೀಫ್. ನಿನ್ನ ಉತ್ತರ ಬರೋ ತನಕ ಈ ಕಾಫಿ ನಾನು ಕುಡಿಯಲ್ಲ. ನಿಮ್ಮ ಹುಡುಗೀನ ನಮ್ಮ ಹುಡುಗನಿಗೆ ಕೊಡ್ತೀಯಾ?"

"ಕೊಡ್ತೀನಿ! ಸಂತೋಷವಾಗಿ ಕೊಡ್ತೀನಿ!"

ಹಜ್ಜಿ ಬಾಯನ್ನು ನೋಡಲಿಲ್ಲ, ಹಣೆಯನ್ನು ನೋಡಿದಳು. ಕೋಲೂರಿ ಎದ್ದಳು.

"ಏಳು ಉಮ್ ಬಶರ್. ಇಷ್ಟು ಕೊಟ್ರೂ ಇವಳ ಮುಖ ಇಲ್ಲ ಅಂತಾನೇ ಇದೆ. ಬಾಯಿ ಸುಳ್ಳು ಹೇಳುತ್ತೆ, ಹುಬ್ಬು ಹೇಳಲ್ಲ. ಬೇಡದ ಮನೆಯಿಂದ ಹೆಣ್ಣು ತರೋದು ಬೇಡ."

"ದೇವರಾಣೆ ಹಜ್ಜಿ, ನನಗೆ ಒಪ್ಪಿಗೆ ಇದೆ!"

"ಆಣೆ ಬೇರೆ ಇಡ್ತಾಳೆ! ನೋಡು, ಇನ್ನೂ ಎತ್ಕೊಂಡೇ ಇದಾಳೆ!"

ತಟ್ಟೆ ಹಿಡಿದು ನಿಂತಿದ್ದ ರನೀಮಳ ಮುಖದಲ್ಲಿ ರಕ್ತವಿರಲಿಲ್ಲ. ಹಜ್ಜಿಯ ಒಂದು ಚಪ್ಪಲಿ ಆಗಲೇ ಕಾಲಿಗೇರಿತ್ತು. ಉಮ್ ಮುನೀಫ್ ಅರ್ಧ ಗಂಟೆಯಿಂದ ಗಟ್ಟಿ ಹೆಂಗಸಾಗಿದ್ದಳು. ಇನ್ನೊಂದು ಅರ್ಧ ಗಂಟೆ ಹಾಗೇ ಇರಬಹುದಿತ್ತು. ಮಗಳ ಕಡೆ ನೋಡಿದಳು, ಕಣ್ಣು ಮುಚ್ಚಿದಳು, ಕೂಗಿದಳು:

"ಇದು ನನ್ನ ಹುಬ್ಬಲ್ಲ! ನನ್ನ ಗಂಡನ ಮೀಸೆ!"

ಅಡುಗೆಮನೆಯಲ್ಲಿ ಚಮಚವೊಂದು ನೆಲಕ್ಕೆ ಬಿದ್ದ ಸದ್ದಾಯಿತು.

ಪತ್ರಿಕೆ, ಸೋಪು, ರೇಜರು, ಡ್ರಮ್ಮು, ಝರ್ಕಾದ ಸೊಸೆ, ಎಲ್ಲ ಹೊರಬಿತ್ತು. ಹಜ್ಜಿ ಚಪ್ಪಲಿ ಬಿಟ್ಟು ಬಂದು, ಹೆಬ್ಬೆರಳಿಗೆ ಉಗುಳು ಹಚ್ಚಿ, ಮೂಗು ಸುರಿಯುವ ಮಗುವನ್ನು ಒರೆಸುವಂತೆ ಆ ಹುಬ್ಬನ್ನು ಉಜ್ಜಿದಳು. ಹುಬ್ಬು ಅಲುಗಲಿಲ್ಲ. ಕೆಳಗಿನ ಬೋಳು ಜಾಗವನ್ನು ಮುಟ್ಟಿ ನೋಡಿದಳು. ಆಮೇಲೆ ನಗು ಶುರುವಾಯಿತು. ಮುದುಕಿ ನಕ್ಕು ನಕ್ಕು ಸೋಫಾಕ್ಕೆ ಒರಗಿದಳು, ಉಮ್ ಬಶರಳ ಕಣ್ಣಿನ ಕಾಡಿಗೆ ಕೆನ್ನೆಗಿಳಿಯಿತು. ತಣ್ಣಗಾದ ಕಾಫಿಯನ್ನು ಹಜ್ಜಿ ಒಂದೇ ಗುಟುಕಿಗೆ ಕುಡಿದಳು. ರನೀಮ್ ತಟ್ಟೆಯನ್ನಿಟ್ಟು ಅಲ್ಲೇ ನೆಲದ ಮೇಲೆ ಕೂತು ಅತ್ತಳು.

"ಹಾಗಾದ್ರೆ ಆ ಬೇರೆ ಮನೆ, ಆ ಶುಕ್ರವಾರದ ಊಟ..." ಎಂದು ಉಮ್ ಬಶರ್ ಮೆಲ್ಲಗೆ ರಾಗ ತೆಗೆದಳು.

"ಕೊಟ್ಟದ್ದು ಕೊಟ್ಟಾಯ್ತು," ಎಂದಳು ಹಜ್ಜಿ. "ಮೀಸೆ ಬಣ್ಣಕ್ಕೆ ಹೆದರಿ ಕೊಟ್ವಿ ಅಂತ ಊರಿಗೆ ಹೇಳ್ತೀಯಾ?" ರನೀಮಳತ್ತ ತಿರುಗಿದಳು. "ಈ ಬಣ್ಣ ಎಷ್ಟು ದಿನ ಇರುತ್ತೆ ಮಗಳೇ?"

"ಹತ್ತು ದಿನ, ಹಜ್ಜಿ."

"ಸಾಕು. ಉಮ್ ಮುನೀಫ್, ನಾಳೆ ಎಂಟಕ್ಕೆ ಸಿದ್ಧವಾಗಿರು. ಪೇಟೆ ಕೆಲಸ ಇದೆ. ಮಾತಾಡೋದು ನಾನು. ನೀನು ಸುಮ್ನೆ ನಿಂತ್ಕೋ."

ಹೀಗೆ ಈ ಋತುವಿನ ಮುಖ ಅಮ್ಮಾನಿನ ಪೇಟೆಗೆ ಇಳಿಯಿತು. ಮದುವೆಯ ಮಂಟಪದವನು ಆ ಮುಖ ನೋಡಿ ಬಾಡಿಗೆ ಇಳಿಸಿದ. ಮಿಠಾಯಿಯವನು ಇಳಿಸಿದ, ಮತ್ತೆ ನೋಡಿ ಎರಡು ತಟ್ಟೆ ಕುನಾಫಾ ಮೇಲೆ ಹಾಕಿದ. ಕುರ್ಚಿ ಬಾಡಿಗೆಯವನಂತೂ "ಈ ಅಮ್ಮನನ್ನ ಹೊರಗೆ ನಿಲ್ಸಿ, ಆಮೇಲೆ ಮಾತಾಡೋಣ" ಎಂದು ಬೇಡಿಕೊಂಡ. ಹಜ್ಜಿ ಎಲ್ಲ ಕಡೆ ಆಕೆಯನ್ನು ಹೊಲಕ್ಕೆ ಬೆರ್ಚಪ್ಪ ನಿಲ್ಲಿಸಿದ ಹಾಗೆ ನಿಲ್ಲಿಸುತ್ತಿದ್ದಳು.

ನಾಲ್ಕನೆಯ ದಿನ ಬಟ್ಟೆ ಅಂಗಡಿಯಲ್ಲಿ ಉಮ್ ಮುನೀಫಳ ಕಣ್ಣು ಥೋಬ್ ಎಂಬ ಒಂದು ಉದ್ದನೆಯ ನಿಲುವಂಗಿಯ ಮೇಲೆ ಬಿತ್ತು. ಕಪ್ಪು ಬಟ್ಟೆ, ಎದೆಯ ತುಂಬ ದಾಳಿಂಬೆ ಕೆಂಪಿನ ಕೈಕಸೂತಿ. ಆಕೆ ಅದನ್ನು ಮುಟ್ಟಿ ನೋಡಿದಳು. ಆಜ್ಞೆ ಮರೆತು, "ಇದು ನನಗೆ ಬೇಕು" ಎಂದುಬಿಟ್ಟಳು.

ಅಂಗಡಿಯವನು ಮುಖ ನೋಡಿ, ಬೆಲೆ ಇಳಿಸಿದ.

"ಬೇಕು ಅಂದೆನಲ್ಲಪ್ಪಾ. ಕಟ್ಟು."

ಇನ್ನೂ ಇಳಿಸಿದ. "ಸುಮ್ನಿರು, ಇನ್ನೂ ಇಳೀತಾನೆ" ಎಂದು ಹಜ್ಜಿ ಕಿವಿಯಲ್ಲಿ ಉಸುರಿ ಕೈ ಚಿವುಟಿದಳು. ಅವನು ಅರ್ಧಕ್ಕಿಳಿದ.

"ಕೊಡಪ್ಪಾ, ಎಷ್ಟಾದ್ರೂ ಸರಿ!"

ಅವನಿಗೆ ನೋವಾಯಿತು. "ಖಾಲಾ, ಬಡವನನ್ನ ಅಣಕಿಸಬೇಡಿ. ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ, ಗಿರಾಕಿ ಮುಖ ಓದೋಕೆ ಬರುತ್ತೆ ನನಗೆ." ಥೋಬನ್ನು ಮಡಿಸತೊಡಗಿದ.

"ಅಯ್ಯೋ, ಅವರಿಗೆ ಬೇಡ ಅಂದ್ರೆ ನನಗೆ ಕೊಡಿ," ಎಂದು ಉಮ್ ಬಶರ್ ಮುಂದೆ ಬಂದಳು. "ಅದೇ ಅರ್ಧಕ್ಕೆ ತಾನೆ?"

ಮತ್ತೆರಡು ವಾರಕ್ಕೆ ನಿಶ್ಚಿತಾರ್ಥ. ಆ ಹೊತ್ತಿಗೆ ಹಣೆಯ ಬಣ್ಣ ಪೂರ್ತಿ ಅಳಿದಿತ್ತು, ನಿಜವಾದ ಹುಬ್ಬು ಇನ್ನೂ ಗಸಗಸೆ ಉದುರಿಸಿದಷ್ಟೇ ಬಂದಿತ್ತು. ಪೆನ್ಸಿಲುಗಳನ್ನೆಲ್ಲ ರನೀಮ್ ಔಷಧಿ ಅಂಗಡಿಗೆ ಸಾಗಿಸಿ ಬೀಗ ಹಾಕಿದ್ದಳು. ಮಂಟಪದಲ್ಲಿ ಉಮ್ ಬಶರ್ ದಾಳಿಂಬೆ ಕಸೂತಿಯಲ್ಲಿ ಝಗಝಗಿಸುತ್ತ ಓಡಾಡುತ್ತಿದ್ದಳು. ಮೇಲಿನ ಮಹಡಿಯ ಸಿತ್ ಹಿಯಾಮ್ ಬಂದು ಉಮ್ ಮುನೀಫಳ ಪಕ್ಕ ಕೂತಳು.

"ನಿಮ್ಮ ಬೀಗಿತ್ತಿ ಥೋಬು ನೋಡಿದ್ರಾ? ಹೇಳಿ ಹೊಲಿಸಿದ ಹಾಗಿದೆ. ಇಡೀ ಮಂಟಪದಲ್ಲಿ ಎಲ್ಲರಿಗಿಂತ ಚೆಂದ ಅವರೇ, ಅಲ್ವಾ?"

ಉಮ್ ಮುನೀಫ್ ತನ್ನೊಳಗಿದ್ದ ಸಮಸ್ತ ಬಲವನ್ನೂ ಕೂಡಿಸಿ ಹುಬ್ಬೆತ್ತಿದಳು. ಹಣೆಯಲ್ಲಿ ನಾಲ್ಕು ನೆರಿಗೆ ಎದ್ದವು. ಅಷ್ಟೇ. ನೆರಿಗೆಯ ಕೆಳಗೆ ಎತ್ತುವಂಥದ್ದೇನೂ ಇರಲಿಲ್ಲ.

ಸಿತ್ ಹಿಯಾಮ್ ಆ ಬೋಳು ಜಾಗವನ್ನು ಒಂದು ಗಳಿಗೆ ನೋಡಿದಳು, ಆಕೆಯ ಕೈಯನ್ನು ಪ್ರೀತಿಯಿಂದ ತಟ್ಟಿದಳು. "ಒಂದು ಚೂರೂ ಹೊಟ್ಟೆಕಿಚ್ಚಿಲ್ಲದೆ ಒಪ್ಪಿದ್ರಲ್ಲ ಉಮ್ ಮುನೀಫ್, ನಿಮ್ಮದು ಎಂಥ ದೊಡ್ಡ ಮನಸ್ಸು!" ಎಂದು, ಆ ಸಂತೋಷದ ಸುದ್ದಿಯನ್ನು ಉಮ್ ಬಶರಳಿಗೆ ಮುಟ್ಟಿಸಲು ಎದ್ದು ಓಡಿದಳು.