ತಪ್ಪಿಲ್ಲದ ಅಡುಗೆಮನೆ

ಜಗಳ ಶುರುವಾದದ್ದು ಸಿಂಕಿನಿಂದ. ಅದು ಕಿಟಕಿಯ ಕೆಳಗಿರಲಿ ಎಂದು ಹೆಂಡತಿ. ಛೆ, ಕಿಟಕಿಯ ಕೆಳಗೆ ಒಲೆಯೇ ಶೋಭೆ ಎಂದು ಗಂಡ. ಗಂಡ ಒಬ್ಬ ಎಂಜಿನಿಯರ ಕಚೇರಿಯಲ್ಲಿ ಮನೆಗಳ ನಕ್ಷೆ ಬರೆಯುವವನು, ಬೀದಿಯವರ ಬಾಯಲ್ಲಿ ನಕ್ಷೆರಾಯ. ಕಾಗದದ ಮೇಲೆ ಊರವರಿಗೆಲ್ಲ ಅಡುಗೆಮನೆ ಕಟ್ಟಿಕೊಟ್ಟ ಮಹಾನುಭಾವ. ಸ್ವಂತ ಅಡುಗೆಮನೆಗೆ ಮಾತ್ರ ನೀರು ಕುಡಿಯಲು ಹೋದದ್ದು ಬಿಟ್ಟರೆ ಕಾಲಿಟ್ಟವನಲ್ಲ.

"ದಿನಾ ಅಲ್ಲಿ ನಿಲ್ಲೋಳು ನಾನು," ಎಂದಳು ಹೆಂಡತಿ.

"ನಿಲ್ಲೋಕೆ ಯಾರಾದ್ರೂ ನಿಲ್ತಾರೆ. ಪ್ಲಾನ್ ಮಾಡೋಕೆ ತಲೆ ಬೇಕು."

ಆಡಿದ ಮಾತು, ಒಡೆದ ಮುತ್ತು. ಹೆಂಡತಿ ಅಳಲಿಲ್ಲ, ಕೂಗಲಿಲ್ಲ, ತಣ್ಣಗೆ ಪಂಥ ಕಟ್ಟಿದಳು. ಹಳೆಯ ಅಡುಗೆ ಕಟ್ಟೆ ಹೇಗೂ ನಿನ್ನೆಯೇ ಒಡೆದಾಗಿದೆ. ಇವತ್ತು ಅವನೇ ನಿಂತು ಹೊಸದನ್ನು ಮಾಡಿಸಲಿ, ತಾನು ಅಕ್ಕನ ಮನೆಗೆ ಹೋಗಿ ಸಂಜೆ ಬಂದು ನೋಡುವುದು. ಒಂದೇ ಒಂದು ತಪ್ಪು ಸಿಕ್ಕರೂ ಅವನು ಎದುರುಮನೆಯ ಹೆಡ್ಮಾಸ್ತರ ಮುಂದೆ 'ನನಗೆ ತಲೆ ಇಲ್ಲ' ಎಂದು ಒಪ್ಪಿಕೊಳ್ಳಬೇಕು. ಸಿಗದಿದ್ದರೆ ತಾನು ಇನ್ನು ಈ ಮನೆಯಲ್ಲಿ ಯಾವುದಕ್ಕೂ ಎದುರಾಡುವುದಿಲ್ಲ. ನಕ್ಷೆರಾಯ ಕುಣಿದು ಒಪ್ಪಿಕೊಂಡ. ಹೆಡ್ಮಾಸ್ತರ ಕಿವಿಗೆ ಬಿದ್ದದ್ದು ಊರಿಗೆಲ್ಲ ಮುಟ್ಟುತ್ತದೆ, ಆಮೇಲೆ ತಲೆಯಿಲ್ಲದವನ ಹತ್ತಿರ ಯಾರೂ ನಕ್ಷೆ ಬರೆಸುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಮೇಸ್ತ್ರಿ ಬಂದ. ಅವನಿಗೆ ಕಾಗದದ ನಕ್ಷೆ ಆಗಿಬರುವುದಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಅಡುಗೆಮನೆ ಗೀಚಿ, ಒಳಗೊಬ್ಬರನ್ನು ನಿಲ್ಲಿಸಿ, ಇಲ್ಲದ ಒಲೆಯ ಮೇಲೆ ಇಲ್ಲದ ಪಾತ್ರೆ ಇಡಿಸಿ, ಕೈ ಹೋದ ಕಡೆಗೆ ಗೆರೆ ತಿದ್ದುವುದು ಅವನ ಪದ್ಧತಿ. ಅಮ್ಮಾವ್ರು ಇಲ್ಲವಲ್ಲ, ನೀವೇ ನಿಂತ್ಕೊಳ್ಳಿ ಸಾರ್ ಎಂದ. ನಕ್ಷೆರಾಯ ಹಜಾರದ ನಡುವೆ ಗೆರೆಗಳೊಳಗೆ ನಿಂತ.

ತೆರೆದ ಬಾಗಿಲು ಕಂಡದ್ದೇ ಹೆಡ್ಮಾಸ್ತರು ಬಂದು ಕುರ್ಚಿ ಹಿಡಿದರು. ಹಿಂದೆಯೇ ಪಕ್ಕದ ಮನೆಯ ಟೈಲರಮ್ಮ, ಕೊರಳಲ್ಲಿ ಟೇಪಿನ ಸಮೇತ. ಒಲೆ ಹಚ್ಚಲೂ ಬಾರದ ಹೆಡ್ಮಾಸ್ತರು ಈರುಳ್ಳಿ ಹೆಚ್ಚು ಎಂದು ಅಪ್ಪಣೆ ಕೊಟ್ಟರು. ನಕ್ಷೆರಾಯ ಎಡಚ, ಎಡಗೈಯಲ್ಲಿ ಗಾಳಿಯನ್ನು ಸಣ್ಣಗೆ ಹೆಚ್ಚಿದ. ಸಿಂಕು ಎಡಕ್ಕೆ ಸರಿಯಿತು. ಟೈಲರಮ್ಮ ಅವನ ಮೊಣಕೈಯಿಂದ ನೆಲದವರೆಗೆ ಅಳೆದು ಕಟ್ಟೆಯ ಎತ್ತರ ಕೂಗಿ ಹೇಳಿದಳು. ಕೈ ಎತ್ತಿಸಿ ಕಪಾಟಿನ ಎತ್ತರವನ್ನೂ ಹೇಳಿದಳು. ಫ್ರಿಜ್ಜಿನ ಜಾಗಕ್ಕೆ ಅವಳಿಗೂ ಹೆಡ್ಮಾಸ್ತರಿಗೂ ಜಟಾಪಟಿ ಹತ್ತಿತು. ಒಬ್ಬರು ಗೀಚಿದ್ದನ್ನು ಇನ್ನೊಬ್ಬರು ಕಾಲಲ್ಲಿ ಒರೆಸಿದರು.

"ಸಾರ್, ಸಿಂಕಲ್ಲಿ ಕಾಲಿಟ್ಟಿದ್ದೀರಿ," ಎಂದು ನಕ್ಷೆರಾಯ ಹೆಡ್ಮಾಸ್ತರನ್ನು ಗದರಿದ. ಅವರು ಬೆಚ್ಚಿ ಹಿಂದೆ ಸರಿದು ಒಲೆಯ ಮೇಲೆ ನಿಂತರು.

ಮಧ್ಯಾಹ್ನ ದಾಟುವಷ್ಟರಲ್ಲಿ ಗ್ರಾನೈಟ್ ಕೂತಿತು, ಕಪಾಟು ಗೋಡೆ ಹತ್ತಿತು. ನಕ್ಷೆರಾಯ ಕಟ್ಟೆಗೆ ಒರಗಿ ನಿಂತು ಮೀಸೆ ತಿರುವಿದ. ಆಗ ನೆನಪಾಯಿತು: ತಾನು ದೀಪದ ಕಂಬದಷ್ಟು ಎತ್ತರ, ಹೆಂಡತಿ ತನ್ನ ಭುಜಕ್ಕೂ ಬರುವುದಿಲ್ಲ. ಅವಳದು ಬಲಗೈ ಬೇರೆ.

ಕಟ್ಟೆ ತಗ್ಗಿಸು ಎಂದು ಮೇಸ್ತ್ರಿಯ ಕಾಲು ಹಿಡಿಯುವುದೊಂದು ಬಾಕಿ. ಸಿಮೆಂಟು ಹಿಡಿದಾಯ್ತು, ಇನ್ನು ಒಡೆಯೋದೇ ಎಂದು ಮೇಸ್ತ್ರಿ ಬೀಡಿ ಹಚ್ಚಿದ. ನಕ್ಷೆರಾಯ ಮಂಚದಡಿಯ ಹಲಗೆ ಎಳೆದು ತಂದು ಕಟ್ಟೆಯ ಮುಂದೆ ಹಾಸಿದ. ಪರೀಕ್ಷೆಗೆ ಹತ್ತಿದ ಟೈಲರಮ್ಮ ಜಾರಿ ಹೆಡ್ಮಾಸ್ತರ ಮಡಿಲಲ್ಲಿ ಕೂತಳು. ಹಲಗೆ ಮತ್ತೆ ಮಂಚದಡಿ ಸೇರಿತು.

ಸಂಜೆ ಹೆಂಡತಿ ಬಂದಳು. ಚಪ್ಪಲಿ ಬಿಟ್ಟವಳೇ ಒಳಗೆ ಹೋದಳು. ಕಟ್ಟೆ ಅವಳ ಎದೆಯ ಹತ್ತಿರ ಬಂತು. ತುದಿಗಾಲಲ್ಲಿ ನಿಂತರೂ ಕಪಾಟು ಸಿಗಲಿಲ್ಲ. ಹೆಡ್ಮಾಸ್ತರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ನಕ್ಷೆರಾಯ ತಲೆ ಇಲ್ಲ ಎಂಬ ಮಾತನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿಕೊಂಡ, ಅಬ್ಬಾ, ಎಷ್ಟು ಕಹಿ.

"ಒಂದೂ ತಪ್ಪಿಲ್ಲ," ಎಂದಳು ಹೆಂಡತಿ.

ನಕ್ಷೆರಾಯನಿಗೆ ಹೋದ ಜೀವ ಬಂದಂತಾಯಿತು. ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ಬೆಳಿಗ್ಗೆ ಫೋನಲ್ಲಿ ಹೇಳಿದ ಹಾಗೇ ಇವರನ್ನೇ ನಿಲ್ಲಿಸಿ ಅಳತೆ ತಗೊಂಡಿದ್ದೀರಿ. ಇವರ ಎತ್ತರ, ಇವರ ಎಡಗೈ, ಎಲ್ಲಾ ಸರಿಯಾಗಿದೆ."

ಮೇಸ್ತ್ರಿ ಹಲ್ಲು ಕಿರಿದ.

"ನೀವೇ ಗೆದ್ರಿ ರೀ. ಇನ್ಮೇಲೆ ನಾನು ಯಾವುದಕ್ಕೂ ಎದುರಾಡಲ್ಲ," ಎಂದಳು ಗಂಡನಿಗೆ. "ನೀವು ಏನು ಮಾಡಿ ಬಡಿಸ್ತೀರೋ ಅದನ್ನೇ ತಿಂತೀನಿ."

ನಕ್ಷೆರಾಯ ಲೆಕ್ಕ ಹಾಕಿದ. ಕಟ್ಟೆಯಲ್ಲಿ ತಪ್ಪಿದೆ ಎಂದರೆ ತಲೆ ಇಲ್ಲವೆಂದು ಒಪ್ಪಬೇಕು, ತಪ್ಪಿಲ್ಲ ಎಂದರೆ ಸೌಟು ಹಿಡಿಯಬೇಕು.

ಹೆಡ್ಮಾಸ್ತರು ಎದ್ದು ಹೋಗುವ ಸೂಚನೆ ಕಾಣಲಿಲ್ಲ. ರಾತ್ರಿಗೆ ಏನು ಅಡುಗೆ ಎಂದು ಅವನನ್ನೇ ಕೇಳಿದರು.