ಚಾವಟಿ ಜೇಡದ ಬೇಸಿಗೆ ಉಪಚಾರ

ಸಾಕುಪ್ರಾಣಿಗಳ ವಿಷಯದಲ್ಲಿ ನನ್ನ ಅಭಿರುಚಿ ಸ್ವಲ್ಪ ಕೆಟ್ಟಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜನ ನಾಯಿ ಸಾಕುತ್ತಾರೆ, ಗಿಳಿ ಸಾಕುತ್ತಾರೆ. ತೊಂಬತ್ತರ ದಶಕದಲ್ಲಿ ನಾಗಮಂಗಲದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದ ನಾನು ಮೇಲುಕೋಟೆಯ ಬಂಡೆ ಸಂದಿಯಿಂದ ಒಂದು ಚಾವಟಿ ಜೇಡ ಹಿಡಿದು ತಂದೆ. ಚಪ್ಪಟೆ ಮೈ, ಚಾವಟಿಯ ಹಾಗೆ ಉದ್ದನೆಯ ಎರಡು ಮುಂಗಾಲು; ನೋಡಲು ಭೀಕರ, ಸ್ವಭಾವದಲ್ಲಿ ಪರಮ ಸಾಧು. ವಿಷವಿಲ್ಲ, ಬಲೆ ನೇಯುವ ಉಸಾಬರಿಯೂ ಇಲ್ಲ. ಅದಕ್ಕೆ ಬೇಕಾದದ್ದು ಆಗೊಂದು ಈಗೊಂದು ಜಿರಲೆ ಮತ್ತು ಸದಾ ತೇವವಾದ ಗಾಳಿ. ಜಿರಲೆಗೆ ನಮ್ಮ ಬಾಡಿಗೆ ಮನೆಯಲ್ಲಿ ಬರವಿರಲಿಲ್ಲ. ತೇವಕ್ಕೆ ಎಲ್ಲಿಗೆ ಹೋಗುವುದು? ಹರವಿದ ಪಂಚೆ ನಾವು ಒಳಗೆ ಬರುವಷ್ಟರಲ್ಲಿ ಒಣಗುವ ಬೇಸಿಗೆ ಅದು.

ಗಾಜಿನ ಪೆಟ್ಟಿಗೆಗೆ ಒದ್ದೆ ಗೋಣಿತಾಟು ಹೊದಿಸಿದೆ. ತೇವ ಅಳೆಯುವ ಯಂತ್ರ ಇರಲಿಲ್ಲವಾಗಿ ಸುಟ್ಟ ಹಪ್ಪಳದ ಚೂರೊಂದನ್ನು ಒಳಗಿಟ್ಟೆ. ಮೆತ್ತಗಾದರೆ ತೇವ ಸರಿಯಿದೆ, ಗರಿಗರಿಯಾಗಿದ್ದರೆ ನೀರು ಚಿಮುಕಿಸಬೇಕು. ದಿನವೂ ಹೆಂಡತಿ ಸಾವಿತ್ರಿಯಿಂದ ಹಪ್ಪಳ ಸುಡಿಸುತ್ತಿದ್ದೆ. ಚೂರು ಜೇಡಕ್ಕೆ, ಉಳಿದದ್ದು ವಿಜ್ಞಾನಿಗೆ. ಅವಳು ಗೊಣಗುತ್ತಲೇ ಸುಟ್ಟುಕೊಡುತ್ತಿದ್ದಳು.

ಆಗ ಕಿಕ್ಕೇರಿಯಿಂದ ಅತ್ತೆ ಬಂದರು. ರೇಷ್ಮೆಹುಳು ಸಾಕಿ ಪಳಗಿದ ಕೈ. ಜೇಡ ಜಿರಲೆ ಮುಟ್ಟದೆ ಮಂಕಾಗಿ ಕೂತದ್ದನ್ನು ನೋಡಿ, "ಪೊರೆ ಬುಡಕ್ಕೆ ಕುಂತದೆ ಕಣವ್ವ" ಎಂದು ಮಗಳಿಗೆ ಹೇಳಿದರಂತೆ. ಅಲ್ಲಿಯವರೆಗೆ ಸರಿಯೇ. ಆದರೆ ರೇಷ್ಮೆಹುಳು ಪೊರೆ ಬಿಡುವಾಗ ಸುಣ್ಣದ ಪುಡಿ ಉದುರಿಸಿ, ಗಾಳಿಯಾಡಿಸಿ ಒಣಗಿಸುತ್ತಾರೆ. ಚಾವಟಿ ಜೇಡದ್ದು ತದ್ವಿರುದ್ಧ. ಗಾಳಿ ಒಣಗಿದರೆ ಹಳೆಯ ಪೊರೆ ಮೈಗೆ ಅಂಟಿ ಪ್ರಾಣವೇ ಹೋಗುತ್ತದೆ. ನಾನು ಕಾಲೇಜಿನಿಂದ ಬಂದಾಗ ಗೋಣಿತಾಟು ಬಟ್ಟೆ ತಂತಿಯ ಮೇಲಿತ್ತು, ಪೆಟ್ಟಿಗೆ ಕಿಟಕಿಯ ಬಿಸಿಗಾಳಿಯಲ್ಲಿತ್ತು, ಒಳಗೆಲ್ಲ ಬೆಳ್ಳಗೆ ಸುಣ್ಣ. ಹಪ್ಪಳ ಗರಿಗರಿ. ಜೇಡ ನಾನು ಒಳಗೆ ನಿಲ್ಲಿಸಿದ್ದ ಮರದ ತೊಗಟೆಗೆ ತಲೆಕೆಳಗಾಗಿ ಜೋತುಬಿದ್ದು, ಪೊರೆ ಬಿರಿದು, ಅರ್ಧಕ್ಕೇ ಸಿಕ್ಕಿಕೊಂಡಿತ್ತು.

ಅತ್ತೆಯನ್ನು ಬೈಯುವ ಧೈರ್ಯ ಯಾವ ಅಳಿಯನಿಗಿದೆ? ಪೆಟ್ಟಿಗೆಯನ್ನು ಹಸುಗೂಸಿನಂತೆ ಬಚ್ಚಲಿಗೆ ಹೊತ್ತುಕೊಂಡು ಹೋಗಿ, ಬಿಸಿ ತಾಗದ ಮೂಲೆಯಲ್ಲಿಟ್ಟು, ಹಂಡೆಯ ನೀರು ಕುದಿಸಿ, ಬಾಗಿಲು ಮುಚ್ಚಿ ಕೂತೆ.

"ಅಳಿಯಂದ್ರೇ, ನನ್ನಿಂದ್ಲೇ ಇಂಗಾಗೋಯ್ತಾ? ಬದುಕ್ತದಾ?" ಎಂದು ಅತ್ತೆ ಆಚೆಯಿಂದ ಕೇಳಿದರು.

"ತೇವ ಸಿಕ್ಕರೆ ಬದುಕುತ್ತೆ ಅತ್ತೆ."

ಆಮೇಲೆ ಒಲೆಗೆ ಸೌದೆ ತುರುಕಿದವರು ಅವರೇ. ಸಂಜೆವರೆಗೆ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ. ಕೊನೆಗೆ ಒಂದೊಂದೇ ಕಾಲು ಎಳೆದುಕೊಂಡು ಬೆಳ್ಳಗೆ, ಮೆತ್ತಗೆ ಹೊಸ ಜೇಡ ಹೊರಬಂತು. ಮೂವರೂ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆವು. ನನ್ನ ಕಣ್ಣು ತುಂಬಿ ಬಂತು. ಹೊಗೆ ಎಂದು ಹೇಳಿದೆ.

ಅತ್ತೆಗೆ ಹುರುಪು ಬಂತು. "ಗೂಡು ಯಾವಾಗ ಕಟ್ತದೆ?"

"ಇದು ಕಟ್ಟೋದಿಲ್ಲ ಅತ್ತೆ."

"ನೂಲಾದ್ರೂ ಬುಡ್ತದಾ?"

"ಅದೂ ಇಲ್ಲ."

"ಮತ್ತೇನ್ ಮಾಡ್ತದೆ?"

"ಕೊಟ್ಟಿದ್ದು ತಿಂದು ಮೂಲೇಲಿ ಕೂತಿರುತ್ತೆ."

ಅತ್ತೆ ಮಗಳ ಮುಖ ನೋಡಿದರು. "ಅಂತದ್ಕೆ ಇಷ್ಟೊಂದು ಉಪಚಾರ್ವಾ?"

ಸಾವಿತ್ರಿ ಸೆರಗಿನಿಂದ ಬೆವರು ಒರೆಸಿಕೊಂಡು, ನನ್ನ ಕಡೆ ಒಮ್ಮೆ ನೋಡಿ ಹೇಳಿದಳು: "ಇರ್ಲಿ ಬುಡವ್ವ, ಅಂತವ್ರನ್ನ ಸಾಕೋದು ನಂಗೇನ್ ಒಸದಾ?"